ಟೇಪು ಓಡುವ ವೇಗ ಬಲ್ಲ ಕಿವಿ

ಬೆಳಿಗ್ಗೆ ಐದೂ ಕಾಲು. ಮೂರನೇ ಮಹಡಿಯ ಕಚೇರಿಯಲ್ಲಿ ಇನ್ನೂ ಕಸ ಗುಡಿಸಿಲ್ಲ. ಕಿಟಕಿ ಪಕ್ಕದ ಮೇಜಿನಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ಹೆಡ್‌ಫೋನನ್ನು ಎಡಗಿವಿಗೆ ಮಾತ್ರ ಒತ್ತಿಕೊಂಡು, ಕಣ್ಣು ಮುಚ್ಚಿ ಹಾಡು ಕೇಳುತ್ತಿದ್ದಾರೆ. ಹತ್ತು ಸೆಕೆಂಡಿನಲ್ಲಿ ತಲೆಯಾಡಿಸುತ್ತಾರೆ, ಮೆಚ್ಚಿಕೊಂಡು ಅಲ್ಲ. "ಓಡಿಸಿದಾನೆ" ಎಂದು ಗೊಣಗಿ ದೂರು ಬರೆಯಲು ತೊಡಗುತ್ತಾರೆ.

ಕಲಾವಿದರ ಹಾಡುಗಳನ್ನು ಅಂತರ್ಜಾಲದ ಕಳ್ಳರಿಂದ ಕಾಯುವ ಈ ಪುಟ್ಟ ಕಂಪನಿಯಲ್ಲಿ ಇವರು ಎಲ್ಲರಿಗೂ ಕಿವಿಯಕ್ಕ. ಕದ್ದ ಹಾಡು ಹುಡುಕಲು ಯಂತ್ರವಿದೆ, ನಿಜ. ಆದರೆ ಹಾಡನ್ನು ಚೂರು ವೇಗವಾಗಿ ಓಡಿಸಿ ಹಾಕಿದರೆ ಯಂತ್ರ ಪೆಚ್ಚಾಗುತ್ತದೆ. ನೀವು ಚಾಪೆ ಕೆಳಗೆ ನುಸುಳಿದರೆ ಕಳ್ಳ ರಂಗೋಲಿ ಕೆಳಗೆ ನುಸುಳುತ್ತಾನೆ. ಆಗ ಬೇಕು ಕಿವಿಯಕ್ಕ. ದಿನಕ್ಕೆ ಮುನ್ನೂರು ಹಾಡು ಕೇಳಿ ಇನ್ನೂರರ ಮೇಲೆ ಅವು ಇರುವ ಜಾಲತಾಣಕ್ಕೆ ದೂರು ಕೊಡುತ್ತಾರೆ. ಅವುಗಳಲ್ಲಿ ಎಂಬತ್ತು ಮರುದಿನವೇ ಬೇರೆ ಹೆಸರಿನಲ್ಲಿ ಹಾಜರಿರುತ್ತವೆ.

"ಅಪ್ಪಂದು ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ. ಬೆಲ್ಟ್ ಹಾಕಿದ್ಮೇಲೆ ನನ್ನ ಕೂರಿಸ್ಕೊಂಡು, ಸರಿಯಾಗಿ ಓಡ್ತಿದೆಯೇನೇ ಅಂತ ಕೇಳೋರು. ಏಳು ವರ್ಷದೋಳು ನಾನು. ಫಾಸ್ಟಿದೆ ಅಪ್ಪ ಅಂದ್ರೆ ಮತ್ತೆ ಸ್ಕ್ರೂಡ್ರೈವರ್ ತಗೊಳೋರು" ಎನ್ನುತ್ತಾರೆ. ಶಾಲೆಯಲ್ಲಿ ಇವರಿಗೆ ಲೆಕ್ಕ ಹತ್ತಲಿಲ್ಲ. ಕಿವಿ ಮಾತ್ರ ಮೋಸ ಮಾಡಿದ್ದಿಲ್ಲ, ಹೋದ ವರ್ಷದವರೆಗೆ.

ಹೋದ ವರ್ಷ ಅವರು ಕಾಯುವ ಕಲಾವಿದರ ಪಟ್ಟಿಗೆ ಹೊಸದಾಗಿ ಸೇರಿದವರು ಒಬ್ಬ ಅಜ್ಜಿ. ಒಂದು ಕಾಲದ ಹಾಡುಗಾರ್ತಿ. ಗಂಟಲಿನ ಆಪರೇಷನ್ ಆದ ಮೇಲೆ ದನಿ ಹೋಗಿದೆ, ಉಳಿದಿರುವುದು ಕ್ಯಾಸೆಟ್ಟಿನ ಏಳು ಹಾಡು. ಅವನ್ನು ಯಾರೋ ಕದ್ದು, ಬೇರೊಬ್ಬಳ ಹೆಸರು ಅಂಟಿಸಿ ಹಾಕಿದ್ದ. ಅಜ್ಜಿಯ ಮಗಳು ಕಂಪನಿಗೆ ದೂರು ತಂದಳು. ತಾನೂ ಆ ಹಾಡುಗಳನ್ನು ತನ್ನ ಪುಟ್ಟ ಮಗಳ ಮುದ್ದುಹೆಸರಿನ ಪುಟವೊಂದರಲ್ಲಿ ಹಾಕಿದ್ದೇನೆಂದು ಹೇಳಲು ಮರೆತಳು.

ಮರುದಿನ ಕಿವಿಯಕ್ಕನಿಗೆ ಮೊದಲು ಸಿಕ್ಕಿದ್ದು ಆ ಪುಟವೇ. ಗುರುತಿಲ್ಲದ ಹೆಸರು, ಹಾಡೂ ತುಸು ವೇಗ. ಓಡಿಸಿದ್ದಾನೆ ಎಂದುಕೊಂಡು ದೂರು ಕೊಟ್ಟರು. ಹತ್ತು ನಿಮಿಷದಲ್ಲಿ ಪುಟ ಮಾಯವಾಯಿತು. ಅದು ಕಳ್ಳನ ಕೈಚಳಕವಲ್ಲ, ಅಜ್ಜಿ ಮನೆಯ ಕ್ಯಾಸೆಟ್ ಪ್ಲೇಯರೇ ವೇಗವಾಗಿ ಓಡುತ್ತಿತ್ತು ಎಂಬುದು ಮಗಳು ಅಳುತ್ತಾ ಫೋನು ಮಾಡಿದಾಗಲೇ ತಿಳಿದದ್ದು.

"ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲ. ಆವತ್ತು ಊಟ ಸೇರ್ಲಿಲ್ಲ" ಎನ್ನುತ್ತಾರೆ ಕಿವಿಯಕ್ಕ.

ತಪ್ಪು ಒಪ್ಪಿಕೊಂಡು ಅಂದೇ ಪತ್ರ ಬರೆದರು. ಇನ್ನು ಕೇಳಿ ದೊಡ್ಡ ಜಾಲತಾಣದ ನ್ಯಾಯವನ್ನು. ತೆಗೆಯಲು ಹತ್ತು ನಿಮಿಷ ಸಾಕಾದವರಿಗೆ ಮರಳಿ ಇಡಲು ನಲವತ್ತು ದಿನ ಸಾಲಲಿಲ್ಲ. ಹದಿಮೂರು ಪತ್ರಗಳಿಗೂ ಬಂದದ್ದು ಒಂದೇ ಉತ್ತರ: ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ. ಹದಿನಾಲ್ಕನೆಯದಕ್ಕೆ ಯಾರೋ ಮನುಷ್ಯರೇ ಉತ್ತರಿಸಿದರು. ಮಗಳ ಪುಟ ಈಗ ಇಲ್ಲವಾದ್ದರಿಂದ ಇರುವುದರಲ್ಲಿ ಹಳೆಯದು ಇನ್ನೊಬ್ಬನದು, ಆದ್ದರಿಂದ ಹಾಡು ಅವನದೇ ಅಂತೆ! ಕದ್ದವನು ಯಜಮಾನ, ಹಾಡಿದವಳು ಕಳ್ಳಿ.

ಕಿವಿಯಕ್ಕ ರಜೆ ಹಾಕಿ ಅಜ್ಜಿಯ ಮನೆಗೆ ಹೋದರು, ಕೈಯಲ್ಲಿ ಅಪ್ಪನ ಸ್ಕ್ರೂಡ್ರೈವರ್. ಕ್ಷಮೆ ಕೇಳಿದ್ದಕ್ಕೆ ಅಜ್ಜಿ ಮೊಮ್ಮಗಳ ಸ್ಲೇಟು ಎಳೆದುಕೊಂಡು ಬರೆದರು: "ಆ ಓಟದಲ್ಲಿ ನನ್ನ ದನಿ ನನಗೇ ಗುರುತು ಸಿಗಲ್ಲ. ನಿನಗೆ ಹೇಗಮ್ಮ ಸಿಗಬೇಕು?"

ಪ್ಲೇಯರ್ ಬಿಚ್ಚಿ ಸರಿಪಡಿಸುವಾಗ ಕಿವಿಯಕ್ಕನ ಕಿವಿ ನಿಮಿರಿತು. ನಿಲ್ಲಿಸುವ ಗುಂಡಿ ಒತ್ತಿದರೆ 'ಟಕ್' ಎಂದು, ಹಿಂದೆಯೇ ಸ್ಪ್ರಿಂಗು ನರಳುತ್ತದೆ. ಕಚೇರಿಗೆ ಮರಳಿ ಕಳ್ಳನ ಪುಟ ತೆರೆದು ಕೇಳಿದರು. ಮಗಳು ಪ್ಲೇಯರಿನ ಮುಂದೆ ಫೋನು ಹಿಡಿದು ತುಂಬಿಕೊಂಡ ಹಾಡುಗಳನ್ನು ಮಹಾಶಯ ಅವಳ ಪುಟದಿಂದ ಎತ್ತಿ ಹಾಗೇ ಹಾಕಿದ್ದ. ಆರು ಹಾಡುಗಳ ಕೊನೆಯಲ್ಲೂ ಅದೇ ಟಕ್, ಅದೇ ನರಳಾಟ. ಪ್ಲೇಯರಿನ ಸದ್ದನ್ನೂ ಸೇರಿಸಿ ಸಾಕ್ಷಿ ಕಳಿಸಿದರು. ಆರು ಹಾಡು ಅಜ್ಜಿಯ ಹೆಸರಿಗೆ ಮರಳಿದವು.

ಏಳನೆಯದರ ಕೊನೆಯನ್ನು ಮಾತ್ರ ಅವನು ಕತ್ತರಿಸಿದ್ದ. ಏಳರಲ್ಲಿ ಅಜ್ಜಿ ತಾವೇ ಕಟ್ಟಿ ಹಾಡಿದ್ದು ಅದೊಂದೇ. ಅದು ಇವತ್ತಿಗೂ ಯಾರದೋ ಹೆಸರಿನಲ್ಲಿದೆ, ಕೆಳಗೆ ಜನ ಆ ಯಾರನ್ನೋ ಹೊಗಳುತ್ತಿದ್ದಾರೆ.

ಕಿವಿಯಕ್ಕನ ದಿನ ಶುರುವಾಗುವುದು ಆ ಏಳನೇ ಹಾಡಿನಿಂದ. ಇಂದು ಕಳಿಸಿದ್ದು ಮೂವತ್ತೊಂದನೇ ಪತ್ರ. ಬಡ್ತಿ, ಸನ್ಮಾನ ಏನಾದರೂ ಬೇಡವೇ ಎಂದರೆ ಹೆಡ್‌ಫೋನು ಕೆಳಗಿಡುತ್ತಾರೆ.

"ಅಜ್ಜಿ ದಿನಾ ಬೆಳಿಗ್ಗೆ ಮೊಮ್ಮಗಳ ಕೈಲಿ ಆ ಪುಟ ಓಪನ್ ಮಾಡಿಸಿ ನೋಡ್ತಾರಂತೆ. ಒಂದಿನ ನೋಡ್ದಾಗ ಅಲ್ಲಿ ಅವರ ಹೆಸರಿರ್ಬೇಕು, ಅಷ್ಟೇ. ತೆಗೆಸಿದ್ದು ನಾನು. ವಾಪಸ್ ಇಡ್ಸೋಳೂ ನಾನೇ."