ಹುಣಸೆಹಣ್ಣಿನಲ್ಲಿ ತಿಕ್ಕಿದ ಮುಚ್ಚಳ

ನನ್ನ ಮನೆಯಲ್ಲಿ ಹದಿನೇಳು ಬಿಯರ್ ಮಗ್‌ಗಳಿವೆ. ನಾನು ಬಿಯರ್ ಕುಡಿಯುವುದಿಲ್ಲ. ರಾಚೆಸ್ಟರ್ ಹಿಲ್ಸ್‌ನ ಯಾರದೋ ಮನೆಯಲ್ಲಿ, ಎಲ್ಲರೂ ಒಂದೊಂದು ಅಡುಗೆ ತಂದು ಸೇರುವ ಪಾಟ್‌ಲಕ್‌ನಲ್ಲಿ ಈ ವಿಷಯ ಹೊರಬಿದ್ದದ್ದೇ ತಡ, ಕನ್ನಡದವರ ನಡುವೆ ನಾನು ‘ಮಗ್ ಆಂಟಿ’ ಆದೆ. ಡಿವೋರ್ಸ್ ಆದವಳು, ಒಬ್ಬಳೇ ಇರುವವಳು, ಸಾಲದ್ದಕ್ಕೆ ಮನೆ ತುಂಬ ಬಿಯರ್ ಮಗ್. ಜನಕ್ಕೆ ಇನ್ನೇನು ಬೇಕು? ಆಡಿಕೊಳ್ಳುವವರು ಆಡಿಕೊಳ್ಳಲಿ ಎಂದು ನಾನು ಪಾಟ್‌ಲಕ್‌ಗಳಿಗೆ ಹೋಗುವುದನ್ನೇ ಬಿಟ್ಟೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಸುಳ್ಳೇನಲ್ಲ.

ಶಿಕಾಗೋ ಪಕ್ಕದ ಸ್ಕೋಕಿಯ ಮನೆ ಬಿಟ್ಟು ಸೌತ್‌ಫೀಲ್ಡ್‌ಗೆ ಬಂದದ್ದು ಕೆಲಸಕ್ಕಾಗಿ. ಮಗಳು ಶಿಕಾಗೋದಲ್ಲೇ ಉಳಿದಳು. ಫೋನ್ ಮಾಡಿದರೆ ‘ಐಯಾಮ್ ಫೈನ್, ಅಮ್ಮಾ’ ಎನ್ನುತ್ತಾಳೆ, ಅಲ್ಲಿಗೆ ಮಾತು ಮುಗಿಯುತ್ತದೆ. ವಾರದ ಐದು ದಿನ ಆಫೀಸು ಹೇಗೋ ನುಂಗಿಕೊಳ್ಳುತ್ತಿತ್ತು. ಶನಿವಾರ ಮಾತ್ರ ಮುಗಿಯುತ್ತಲೇ ಇರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬಾಯಿ ತೆರೆದು ಒಂದು ಮಾತೂ ಆಡದೆ ಮಲಗಿದ ಶನಿವಾರಗಳಿದ್ದವು. ಹೇಳಿಕೊಳ್ಳಲು ನಾಚಿಕೆ, ಒಮ್ಮೊಮ್ಮೆ ಏನೂ ಬೇಡದಿದ್ದರೂ ಅಂಗಡಿಗೆ ಹೋಗಿ, ಬಿಲ್ ಹಾಕುವವಳ ಜೊತೆ ಎರಡು ಮಾತಾಡಿ ಬರುತ್ತಿದ್ದೆ.

ಅಂಥದೊಂದು ಶನಿವಾರ ಎಸ್ಟೇಟ್ ಸೇಲ್‌ನ ಬೋರ್ಡು ನೋಡಿ ಒಂದು ಮನೆಯೊಳಗೆ ಹೊಕ್ಕೆ. ಮನೆಯವರು ತೀರಿಕೊಂಡ ಮೇಲೆ ಚಮಚದಿಂದ ಹಿಡಿದು ಮಂಚದವರೆಗೆ ಎಲ್ಲಕ್ಕೂ ಬೆಲೆಯ ಚೀಟಿ ಅಂಟಿಸಿ, ಬಾಗಿಲು ತೆರೆದಿಟ್ಟು ಮಾರುತ್ತಾರೆ. ಮೊದಲ ಸಲ, ಏನನ್ನೂ ಮುಟ್ಟದೆ ಹೊರಟುಬಿಡೋಣ ಎಂದುಕೊಂಡೆ. ಆದರೆ ನೆಲಮಾಳಿಗೆಯ ಕಪಾಟಿನಲ್ಲಿ ಬೂದು ಬಣ್ಣದ ಒಂದು ಜಾಡಿ ಕೂತಿತ್ತು. ಮೈಮೇಲೆ ನೀಲಿ ಹೂಬಳ್ಳಿ. ಥೇಟ್ ಉಪ್ಪಿನಕಾಯಿ ಜಾಡಿ. ಬಾಯಂಚು ಒಂದಿಷ್ಟು ಮುಕ್ಕಾಗಿದ್ದರಿಂದ ಯಾರಿಗೂ ಬೇಡವಾಗಿತ್ತು. ಎಂಟು ಡಾಲರಿಗೆ ಮನೆಗೆ ತಂದು ಕಲ್ಲುಪ್ಪು ತುಂಬಿಟ್ಟೆ. ಆಮೇಲೆ ಹುಡುಕಿ ಓದಿದರೆ ಅದು ಹಳೆಯ ಜರ್ಮನ್ ಜಾಡಿ. ಭಟ್ಟಿ ಧಗಧಗ ಉರಿಯುವಾಗ ಹಿಡಿ ಹಿಡಿ ಉಪ್ಪು ಎರಚುತ್ತಾರಂತೆ, ಆ ಉಪ್ಪೇ ಆವಿಯಾಗಿ ಮಣ್ಣಿನ ಮೈಗೆ ಗಾಜಿನ ಹೊಳಪು ಕೊಡುತ್ತದಂತೆ. ಉಪ್ಪಿನಲ್ಲೇ ಹುಟ್ಟಿದ ಜಾಡಿಗೆ ಉಪ್ಪೇ ತುಂಬಿದ್ದೆ. ಎಷ್ಟೋ ತಿಂಗಳ ಮೇಲೆ ಅವತ್ತು ಒಬ್ಬಳೇ ನಕ್ಕೆ.

ಅಲ್ಲಿಂದ ಅದೇ ಬಗೆಯ ಮಣ್ಣಿನ, ಮುಚ್ಚಳವಿರುವ ಜರ್ಮನ್ ಬಿಯರ್ ಮಗ್‌ಗಳ ಹುಚ್ಚು ಹಿಡಿಯಿತು. ಆದರೆ ಹುಚ್ಚಿಗೂ ಒಂದು ಲೆಕ್ಕವಿರಬೇಕಲ್ಲ, ಒಂದಕ್ಕೆ ನಲವತ್ತು ಡಾಲರ್ ದಾಟಬಾರದೆಂದು ನನಗೆ ನಾನೇ ಗೆರೆ ಎಳೆದುಕೊಂಡೆ. ಸೇಲ್‌ನ ಕೊನೆಯ ದಿನ, ಎಲ್ಲ ಅರ್ಧ ಬೆಲೆಗೆ ಇಳಿದಾಗಲೇ ಹೋಗುತ್ತಿದ್ದೆ. ಮುಚ್ಚಳ ಕಳೆದುಕೊಂಡವು, ಹಿಡಿ ಸೀಳಿದವು, ಗಿರಾಕಿಗಳು ಎತ್ತಿ ನೋಡಿ ಕೆಳಗಿಟ್ಟವು ನನ್ನ ಪಾಲಿಗೆ ಬರುತ್ತಿದ್ದವು. ಕುಂಟೋ ಕುರುಡೋ, ನಮ್ಮ ಮನೆಗೆ ನಡೆಯುತ್ತದೆ ಎಂದುಕೊಳ್ಳುತ್ತಿದ್ದೆ.

ಮಗಳನ್ನು ನೋಡಲು ಶಿಕಾಗೋಗೆ ಡ್ರೈವ್ ಮಾಡುವ ದಾರಿಯಲ್ಲಿ, ಮನೆಯಿಂದ ಎಪ್ಪತ್ತು ಮೈಲಿಗೆ, ಹೆದ್ದಾರಿಯಿಂದ ಇಳಿಯುವ ಒಂದು ಎಕ್ಸಿಟ್‌ನ ಬಳಿ ಹಳೆ ಸಾಮಾನಿನ ಮಾಲ್ ಇದೆ. ಒಂದೇ ದೊಡ್ಡ ಕಟ್ಟಡದಲ್ಲಿ ಹತ್ತಾರು ಜನ ಒಂದೊಂದು ಮೂಲೆ ಬಾಡಿಗೆಗೆ ಹಿಡಿದು ವ್ಯಾಪಾರ ಮಾಡುತ್ತಾರೆ. ಅಲ್ಲೊಂದು ದಿನ ನಾನು ಮಗ್ ಒಂದನ್ನು ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದೆ. ಅಜ್ಜಿ ಮಡಕೆ ಕೊಳ್ಳುವಾಗ ಹಾಗೆ ಬಡಿದು ನೋಡುತ್ತಿದ್ದಳು, ಸೀಳಿದ್ದರೆ ದನಿ ಒಡೆದು ಕೇಳುತ್ತದೆ. ಹಿಂದಿನಿಂದ ಯಾರೋ, ಯಾರು ಕಲಿಸಿದರು ನಿನಗೆ ಎಂದು ಕೇಳಿದರು. ತಿರುಗಿದರೆ ಎಂಬತ್ತು ದಾಟಿದ ಹೆಂಗಸು, ಕೈಯಲ್ಲಿ ಊರುಗೋಲು. ಆ ಮೂಲೆ ಅವರದೇ. ಅವರ ಅಜ್ಜ ಜರ್ಮನಿಯಿಂದ ಬಂದವರಂತೆ, ಅವರೂ ಹೀಗೇ ಬಡಿದು ನೋಡುತ್ತಿದ್ದರಂತೆ.

ಅವತ್ತು ಶಿಕಾಗೋ ತಲುಪುವಷ್ಟರಲ್ಲಿ ಮೂರು ಗಂಟೆ ತಡವಾಗಿತ್ತು. ಆಮೇಲೆ ಶಿಕಾಗೋಗೆ ಹೋಗದ ಶನಿವಾರಗಳಲ್ಲೂ ಆ ಎಕ್ಸಿಟ್‌ವರೆಗೆ ಹೋಗತೊಡಗಿದೆ. ಅವರು ನನಗೆ ಅಸಲಿ ಯಾವುದು, ಟೂರಿಸ್ಟರಿಗೆಂದು ಮಾಡಿದ್ದು ಯಾವುದು ಎಂದು ಕಲಿಸಿದರು. ನನಗೆ ಟೋಪಿ ಹಾಕಲು ಬಂದ ಪಕ್ಕದ ಮೂಲೆಯವನನ್ನು ಬೈದು ಕಳಿಸಿದರು. ನಾನು ತಂದ ಚಿತ್ರಾನ್ನವನ್ನು ಖಾರಕ್ಕೆ ಕಣ್ಣಲ್ಲಿ ನೀರು ಸುರಿಸಿಕೊಂಡು ತಿಂದರು. ಸ್ನೇಹ ಎಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಈ ಊರಿಗೆ ಬಂದ ಮೇಲೆ ನನಗಾಗಿ ಒಂದು ಕುರ್ಚಿ ಎಳೆದಿಟ್ಟು ಕಾದವರು ಅವರೊಬ್ಬರೇ.

ಅವರ ಬಳಿ ಮಾರಾಟಕ್ಕಿಲ್ಲದ ಒಂದು ಮಗ್ ಇತ್ತು. ಅಜ್ಜನದು, ಆಮೇಲೆ ಅಪ್ಪನದು. ಲೀಟರ್ ಹಿಡಿಯುವಂಥದ್ದು, ಬೂದು ಮೈ, ನೀಲಿ ಹೂವು, ಮೇಲೆ ತವರದ ಮುಚ್ಚಳ. ಮುಚ್ಚಳವೆಲ್ಲ ಕಪ್ಪಿಟ್ಟಿತ್ತು. ಅದನ್ನು ಎತ್ತಲು ಹೆಬ್ಬೆರಳು ಇಡುವ ಪುಟ್ಟ ಹಿಡಿ ಮಾತ್ರ ಸವೆದು ಬೆಳ್ಳಗಿತ್ತು.

ಹೋದ ಸೆಪ್ಟೆಂಬರಿನಲ್ಲಿ ಅವರ ಮಗ ಮನೆ ಮಾರಿ ಅವರನ್ನು ಹತ್ತಿರದ ವೃದ್ಧಾಶ್ರಮಕ್ಕೆ ಸೇರಿಸುವುದೆಂದಾಯಿತು. ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಮಗ್‌ಗೆ ಯಾರಾದರೂ ಬೆಲೆಯ ಚೀಟಿ ಅಂಟಿಸಿಬಿಟ್ಟಾರು ಎಂದು ಅವರಿಗೆ ಭಯ. ಎರಡು ವಾರ ನಿನ್ನ ಮನೆಯಲ್ಲಿರಲಿ ಎಂದು ನನ್ನ ಕೈಗೆ ಕೊಟ್ಟರು. ಸ್ವಂತ ಮಗನನ್ನು ನಂಬದವರು ನನ್ನನ್ನು ನಂಬಿದರು. ಎಪ್ಪತ್ತು ಮೈಲಿಯೂ ಅದನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ ತಂದೆ.

ವಾಪಸ್ ಕೊಡುವ ಹಿಂದಿನ ದಿನ ನನ್ನೊಳಗಿನ ಮೈಸೂರು ಎದ್ದು ಕೂತಿತು. ಇನ್ನೊಬ್ಬರ ಮನೆಯ ಪಾತ್ರೆಯನ್ನು ಫಳಫಳ ತೊಳೆದೇ ಕೊಡಬೇಕು, ಖಾಲಿಯಂತೂ ಕೊಡಲೇಬಾರದು. ಹುಣಸೆಹಣ್ಣು ನೆನೆಸಿ, ಉಪ್ಪು ಬೆರೆಸಿ, ದೇವರ ತೆಂಗಿನಕಾಯಿಯ ನಾರು ತೆಗೆದುಕೊಂಡು ಮುಚ್ಚಳವನ್ನು ತಿಕ್ಕಿದೆ, ಹಬ್ಬದ ಹಿಂದಿನ ದಿನ ದೀಪದ ಕಂಬಗಳನ್ನು ತಿಕ್ಕುವ ಹಾಗೆ. ಒಂದು ಗಂಟೆ ತಿಕ್ಕಿದ ಮೇಲೆ ಬೆಳ್ಳಿಯ ಹಾಗೆ ಹೊಳೆಯಿತು. ನನಗೆ ಎಂಥ ಹೆಮ್ಮೆ! ಕೋಡುಬಳೆ ಕರಿದು, ಆರಿಸಿ, ಕಂಠದವರೆಗೆ ತುಂಬಿದೆ.

ಅವರ ಹೊಸ ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ, ಒಂದು ಕಿಟಕಿ. ಮಗ್ ಕೊಟ್ಟು, ನಮ್ಮ ಕಡೆ ಪಾತ್ರೆ ಖಾಲಿ ಕೊಡುವ ಪದ್ಧತಿಯಿಲ್ಲ, ಬಂದ ಪಾತ್ರೆ ತುಂಬಿಯೇ ಹೋಗಬೇಕು ಎಂದು ಬೀಗುತ್ತ ಹೇಳಿದೆ. ಅವರು ಕೋಡುಬಳೆಯನ್ನು ನೋಡಲಿಲ್ಲ. ಮುಚ್ಚಳದ ಹಿಡಿಯ ಮೇಲೆ ಹೆಬ್ಬೆರಳಿಟ್ಟು ಬಹಳ ಹೊತ್ತು ಸವರಿದರು. ಈಗ ಎಲ್ಲವೂ ಒಂದೇ ಸಮ ಹೊಳೆಯುತ್ತಿತ್ತು. ಎಲ್ಲಿ ಬೆರಳಿಟ್ಟಿದ್ದರು, ಎಲ್ಲಿ ಇಟ್ಟಿರಲಿಲ್ಲ ಎಂಬುದೇ ತಿಳಿಯುವಂತಿರಲಿಲ್ಲ.

‘ನಮ್ಮಜ್ಜ ಇಲ್ಲಿದ್ದ. ನಮ್ಮಪ್ಪ ಇಲ್ಲಿದ್ದ,’ ಎಂದರು ಮೆಲ್ಲಗೆ. ‘ಇಬ್ಬರನ್ನೂ ತೊಳೆದುಬಿಟ್ಟೆಯಲ್ಲೇ.’

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಎಂದು ನನಗೆ ಆ ಕ್ಷಣವೇ ತಿಳಿಯಿತು. ತಪ್ಪಾಯಿತು ಎನ್ನಬಹುದಿತ್ತು. ಆದರೆ ಒಂದು ಗಂಟೆ ತಿಕ್ಕಿದ ಕೈ, ಕೋಡುಬಳೆ ಕರಿದ ಸೆಕೆ, ಎಪ್ಪತ್ತು ಮೈಲಿ ದಾರಿ, ಎಲ್ಲ ಸೇರಿ ಮೂಗಿನ ತುದಿಗೆ ಬಂದವು.

‘ಸತ್ತೋರ ಕೊಳೆ ಇಟ್ಕೊಂಡು ಏನು ಮಾಡ್ತೀರಾ?’ ಎಂದುಬಿಟ್ಟೆ. ಇಂಗ್ಲಿಷಿನಲ್ಲೇ ಅಂದದ್ದು, ಆದರೆ ಧಾಟಿ ನಮ್ಮನೆಯದೇ.

ಅವರು ಕಿಟಕಿಯ ಕಡೆ ತಿರುಗಿದರು. ನಾನು ಬ್ಯಾಗ್ ತೆಗೆದುಕೊಂಡು ಹೊರಟುಬಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮೊದಲ ವಾರ ಅವರ ಮೇಲೆ ಸಿಟ್ಟಿತ್ತು. ಎರಡನೆಯ ವಾರದಿಂದ ನನ್ನ ಮೇಲೆ. ಫೋನ್ ಕೈಗೆತ್ತಿಕೊಂಡು, ಏನೆಂದು ಹೇಳುವುದು ಎಂದು ಯೋಚಿಸಿ ಕೆಳಗಿಡುತ್ತಿದ್ದೆ. ಒಂದು ಸಾರಿ ಶಿಕಾಗೋಗೆ ಹೋಗುವಾಗ ಆ ಎಕ್ಸಿಟ್ ಬಂದಾಗ ಬೇಕೆಂದೇ ಎಡಗಡೆ ಲೇನಿಗೆ ಸರಿದು ದಾಟಿಹೋದೆ. ಶನಿವಾರಗಳು ಮತ್ತೆ ಮೊದಲಿನ ಹಾಗಾದವು. ಅಲ್ಲ, ಮೊದಲಿಗಿಂತ ಉದ್ದವಾದವು. ನನಗಾಗಿ ಕಾಯುವವರೇ ಇಲ್ಲದಿದ್ದಾಗ ಇಷ್ಟು ಕಷ್ಟವಿರಲಿಲ್ಲ.

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚೆ, ಮೊದಲ ಹಿಮ ಬಿದ್ದ ಶನಿವಾರ, ತಡೆಯಲಾರದೆ ಮಾಲ್‌ಗೆ ಹೋದೆ. ಅವರ ಮೂಲೆಯಲ್ಲಿ ಯಾರೋ ಹಳೆಯ ಗೊಂಬೆಗಳನ್ನು ಜೋಡಿಸಿದ್ದರು. ಕೌಂಟರಿನವನು ನನ್ನನ್ನು ನೋಡಿದವನೇ ಒಳಗಿನಿಂದ ಒಂದು ರಟ್ಟಿನ ಡಬ್ಬ ತಂದಿಟ್ಟ. ಅವರ ಮಗ ಕೊಟ್ಟುಹೋಗಿ ಮೂರು ವಾರವಾಯಿತು ಎಂದ. ಮೇಲೆ ನನ್ನ ಹೆಸರಿರಲಿಲ್ಲ. ‘ಬಡಿದು ನೋಡುವವಳಿಗೆ’ ಎಂದು ನಡುಗುವ ಅಕ್ಷರದಲ್ಲಿ ಬರೆದಿತ್ತು.

ಒಳಗೆ ಅದೇ ಮಗ್. ಮುಚ್ಚಳ ಎತ್ತಿದೆ. ವೃದ್ಧಾಶ್ರಮದ ಊಟದ ಮೇಜಿನಿಂದ ಒಂದೊಂದಾಗಿ ಎತ್ತಿಟ್ಟ ಸಾಮಾನು ಕಂಠದವರೆಗೆ ಇತ್ತು: ಉಪ್ಪಿನ ಪುಟ್ಟ ಪೊಟ್ಟಣಗಳು, ಎರಡೆರಡು ಬಿಸ್ಕತ್ತಿನ ಪ್ಯಾಕೆಟ್, ಟೀ ಬ್ಯಾಗು, ದ್ರಾಕ್ಷಿ ಜಾಮ್. ಅಷ್ಟು ಕೂಡಿಡಲು ಎಷ್ಟು ದಿನ ಬೇಕಾಯಿತೋ. ನಡುವೆ ಒಂದು ಚೀಟಿ: ‘ಖಾಲಿ ಕಳಿಸಿಲ್ಲ. ಈಗ ನಿನ್ನ ಸರದಿ.’

ಕೌಂಟರಿನ ಮುಂದೆಯೇ ಅತ್ತೆ. ಅವನು ಪಾಪ, ಪೇಪರ್ ಟವೆಲ್ ರೋಲನ್ನೇ ಕೊಟ್ಟ.

ವೃದ್ಧಾಶ್ರಮ ಅಲ್ಲಿಂದ ಹತ್ತೇ ನಿಮಿಷ. ನೇರ ಹೋಗಬಹುದಿತ್ತು. ಆದರೆ ಖಾಲಿ ಕೈಯಲ್ಲಿ ಹೇಗೆ ಹೋಗುವುದು? ಎಪ್ಪತ್ತು ಮೈಲಿ ವಾಪಸ್ ಬಂದು, ಅವರು ಕೊಟ್ಟದ್ದನ್ನೆಲ್ಲ ಬೇರೆ ಡಬ್ಬಿಗೆ ತೆಗೆದು, ಮಗ್ ಒಳಗನ್ನು ಮಾತ್ರ ಒರೆಸಿದೆ. ಮುಚ್ಚಳದ ಹೊಳಪು ಆಗಲೇ ಕೊಂಚ ಮಾಸಿತ್ತು, ಮುಟ್ಟಲಿಲ್ಲ. ಖಾರ ಕಡಿಮೆ ಹಾಕಿ ಕೋಡುಬಳೆ ಕರಿದೆ. ತಪ್ಪಾಯಿತು ಎನ್ನುವುದನ್ನು ಒಲೆಯ ಮುಂದೆ ನಿಂತು ನಾಲ್ಕು ಬಗೆಯಲ್ಲಿ ಹೇಳಿ ನೋಡಿದೆ. ಭಾನುವಾರ ಬೆಳಿಗ್ಗೆ ಮಗ್ ಅನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದೆ.

ಅವರ ಕೋಣೆಯ ಬಾಗಿಲ ಮೇಲೆ ಬೇರೆ ಯಾರದೋ ಹೆಸರಿತ್ತು. ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು, ಅವರು ತೀರಿಕೊಂಡು ಹನ್ನೊಂದು ದಿನವಾಗಿತ್ತು. ಡಬ್ಬ ಕೌಂಟರಿನ ಹಿಂದೆ ಕೂತಿದ್ದ ಮೊದಲ ಹತ್ತು ದಿನ ಅವರು ಬದುಕಿದ್ದರು. ಪ್ರತಿ ಶನಿವಾರ ಒಂದು ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಡಲು ಹೇಳುತ್ತಿದ್ದರಂತೆ.

ಕಾರಿನ ಹತ್ತಿರ ಬಂದೆ. ನಾಲ್ಕು ಬಗೆಯಲ್ಲಿ ಕಲಿತಿದ್ದ ಮಾತು ಬಾಯಲ್ಲೇ ಉಳಿದಿತ್ತು. ಕೊನೆಗೆ ಮಗ್‌ಗೆ ಮತ್ತೆ ಬೆಲ್ಟ್ ಹಾಕಿ, ತುಂಬಿದ ಪಾತ್ರೆಯನ್ನು ತುಂಬಿದ ಹಾಗೆಯೇ ಮನೆಗೆ ವಾಪಸ್ ತಂದೆ.