ಯೋಯೋಗೆ ಎರಡು ಹನಿ ಎಣ್ಣೆ

ಎರಡು ವರ್ಷದ ಹಿಂದಿನ ಮಾತು. ಕೊಡಗಿನ ಕೋವಿ ಪೂಜೆಯ ಹಬ್ಬ ಕೈಲ್ ಮುಹೂರ್ತ ಕಳೆದು ಬಂದ ಮೊದಲ ಭಾನುವಾರ ನಮ್ಮ ಕಡೆಯ ಶಾಲೆಯೊಂದರ ಮೈದಾನದಲ್ಲಿ ಕ್ರೀಡಾಕೂಟವಿತ್ತು. ಒಂದು ಮೂಲೆಯಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ, ಇನ್ನೊಂದು ಮೂಲೆಯಲ್ಲಿ ಹಗ್ಗಜಗ್ಗಾಟ, ನಡುವೆ ಶಾಮಿಯಾನದ ಕೆಳಗೊಂದು ವೇದಿಕೆ. ಆ ವೇದಿಕೆಯ ಮೇಲೆ ನಲವತ್ತಮೂರು ವರ್ಷದ ನಾನು ಯೋಯೋ ಆಡಬೇಕಿತ್ತು. ನಗಬೇಡಿ, ಪೂರ್ತಿ ಕೇಳಿ.

ಮೂರ್ನಾಡಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಇಪ್ಪತ್ತು ವರ್ಷ ಕತ್ತರಿ ಹಿಡಿದು ಹಿಡಿದು ಬಲಗೈ ಮಣಿಕಟ್ಟು ಬಿಗಿದುಕೊಂಡಿತ್ತು. ಡಾಕ್ಟರು ‘ಕೈ ಆಡಿಸ್ತಾ ಇರಿ’ ಎಂದಿದ್ದರು. ಅದೇ ವಾರ, ತೋಳು ಚಿಕ್ಕದು ಮಾಡಲು ಯಾರೋ ಕೊಟ್ಟಿದ್ದ ಕೋಟಿನ ಜೇಬಿನಲ್ಲಿ ಒಂದು ಪ್ಲಾಸ್ಟಿಕ್ ಯೋಯೋ ಸಿಕ್ಕಿತು. ನಮಗೆ ಜೇಬುಗಳಲ್ಲಿ ಏನೇನೋ ಸಿಗುತ್ತದೆ; ಹಳೇ ಬಸ್ ಟಿಕೆಟು, ಏಲಕ್ಕಿ ಸಿಪ್ಪೆ, ಒಮ್ಮೆ ಹಲ್ಲಿನ ಸೆಟ್ಟೇ ಸಿಕ್ಕಿತ್ತು. ಕೋಟಿನವರಿಗೆ ಹೇಳಿದರೆ ‘ನೀವೇ ಇಟ್ಕೊಳ್ಳಿ’ ಎಂದರು. ಕೈಗೆ ವ್ಯಾಯಾಮವಾಯಿತು ಎಂದು ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಎಸೆಯತೊಡಗಿದೆ. ಫೋನಿನಲ್ಲಿ ವಿಡಿಯೋ ನೋಡಿ ಕಲಿತೆ. ಆರು ತಿಂಗಳಲ್ಲಿ ಮಣಿಕಟ್ಟು ಸರಿಹೋಯಿತು, ತಲೆ ಕೆಟ್ಟಿತು. ಊಟ ಮಾಡುವಾಗಲೂ ಯೋಯೋದ್ದೇ ಧ್ಯಾನ.

ನನ್ನ ಗಂಡ, ಅಂದರೆ ನಮ್ಮವರ ಹಿರಿಯರು ಹಾಸನದ ಕಡೆಯಿಂದ ಕುಶಾಲನಗರದ ಹತ್ತಿರ ಬಂದು ನೆಲೆಸಿದವರು. ಆ ಕಡೆಯ ಬಾಯಿಗೆ ಬೀಗ ಇಲ್ಲ. ‘ಏನೇ ಇದು, ಗಿರಾಕಿ ರವಿಕೆ ಕೇಳ್ಕೊಂಡ್ ಬಂದವ್ರೆ, ನೀನು ಗಿರಗಿಟ್ಲೆ ತಿರುಗಿಸ್ತಾ ನಿಂತಿದೀಯಲ್ಲ’ ಎಂದು ನಮ್ಮವರು ದಿನಾ ಒಂದು ಮಾತು ಎಸೆಯುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. ‘ನೀವು ಸಂಜೆ ಇಸ್ಪೀಟ್ ಹಿಡಿಯೋದು ಯಾವ ಮಣಿಕಟ್ಟಿಗೆ ಒಳ್ಳೇದು?’ ಎಂದು ಕೇಳುತ್ತಿದ್ದೆ.

ನನ್ನ ತಲೆಯಲ್ಲಿ ಒಂದು ಆಟ ಹುಟ್ಟಿತ್ತು. ಬಲಗೈ ಬೆರಳಿನಿಂದ ಯೋಯೋವನ್ನು ಕೆಳಗೆ ಬಿಟ್ಟು, ಅದು ದಾರದ ತುದಿಯಲ್ಲಿ ತಿರುಗುತ್ತಿರುವಾಗಲೇ ಸೂಜಿಗೆ ದಾರ ಪೋಣಿಸಬೇಕು. ಪೋಣಿಸಿ ಆದ ಮೇಲೂ ಅದರಲ್ಲಿ ವೇಗ ಉಳಿದಿದ್ದು, ಕೈಗೆ ವಾಪಸ್ ಬರಬೇಕು. ಇಂಥದ್ದನ್ನು ಯಾವ ವಿಡಿಯೋದಲ್ಲೂ ನೋಡಿರಲಿಲ್ಲ. ಆದರೆ ನನಗೆ ಚಾಳೀಸು ಬಂದಿದೆ. ಸೂಜಿಯ ಕಣ್ಣು ಹುಡುಕುವಷ್ಟರಲ್ಲಿ ಪ್ಲಾಸ್ಟಿಕ್ ಯೋಯೋ ವಾಲಾಡಿ ಸತ್ತೇ ಹೋಗುತ್ತಿತ್ತು.

ಇದು ಬರೀ ಹುಚ್ಚಾಗಿದ್ದರೆ ಸುಮ್ಮನಿರುತ್ತಿದ್ದೆ. ಕ್ರೀಡಾಕೂಟ ನಡೆಯುವ ಆ ಶಾಲೆಯಲ್ಲಿ ಮೊದಲು ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ನಾನು ಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತಿದ್ದೆ. ವರ್ಷ ವರ್ಷ ಮಕ್ಕಳು ಕಡಿಮೆಯಾಗಿ, ಕೊನೆಗೆ ಇಬ್ಬರೇ ಕೂತು ಆಕಳಿಸುವಂತಾಗಿ, ತರಗತಿ ನಿಂತುಹೋಯಿತು. ಅವತ್ತು ಮನೆಗೆ ಬಂದು ಅತ್ತಿದ್ದೆ. ಈಗ ಹೆಡ್‌ಮಿಸ್ ಹತ್ತಿರ ಹೋಗಿ, ‘ಯೋಯೋ ಜೊತೆಗೆ ಸೂಜಿ ದಾರ ಎರಡನ್ನೂ ಕಲಿಸ್ತೇನೆ, ಆ ಪೀರಿಯಡ್ ವಾಪಸ್ ಕೊಡಿ’ ಎಂದೆ. ಅವರು ಕ್ರೀಡಾಕೂಟದ ಪಟ್ಟಿ ತೆಗೆದರು. ‘ಪದ್ಮಕ್ಕ, ಕ್ರೀಡಾಕೂಟದಲ್ಲಿ ಐದು ನಿಮಿಷ ಸ್ಟೇಜ್ ಕೊಡ್ತೇನೆ. ಮಕ್ಕಳು ಎದ್ದು ಹೋಗದೆ ಕೂತು ನೋಡಿದ್ರೆ ಪೀರಿಯಡ್ ನಿಮ್ಮದು. ಎದ್ದು ಹೋದ್ರೆ ನನ್ನನ್ನು ಮತ್ತೆ ಕೇಳ್ಬಾರ್ದು’ ಎಂದರು.

ಒಳ್ಳೆಯ ಯೋಯೋ ಬೇಕೇ ಬೇಕಾಯಿತು. ಮೈಸೂರಿನಲ್ಲಿ ಇವುಗಳನ್ನು ತರಿಸಿ ಮಾರುವ ಒಬ್ಬರ ನಂಬರ್ ಹುಡುಕಿ ಫೋನ್ ಮಾಡಿದೆ. ಯುವಕರು, ತಾಳ್ಮೆಯವರು. ಮೂರು ದಿನ ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟರು. ಪೂರ್ತಿ ಅಲ್ಯೂಮಿನಿಯಂನದು ಒಂದು ಬಗೆ. ಹಗುರ, ಹೇಳಿದ ಮಾತು ಕೇಳುತ್ತದೆ, ಬೆರಳಿಗೆ ತಗುಲಿದರೂ ಅಷ್ಟೇನೂ ನೋವಿಲ್ಲ. ಇನ್ನೊಂದು ಬೈಮೆಟಲ್, ಎರಡು ಲೋಹದ್ದು. ನಡುವೆ ಅಲ್ಯೂಮಿನಿಯಂ, ಅಂಚಿಗೆ ಸ್ಟೀಲಿನ ಬಳೆ.

‘ಅಂಚಿಗೆ ಯಾಕೆ ಭಾರ ಅಂದ್ರೆ...’ ಎಂದು ಅವರು ವಿವರಿಸಲು ಹೊರಟಾಗ ನಾನೇ ತಡೆದೆ. ‘ಗೊತ್ತಾಯ್ತು ಬಿಡಿ. ಲಂಗದ ಅಂಚಿಗೆ ಜರಿ ಪಟ್ಟಿ ಹೊಲಿದ್ರೆ ತಿರುಗಿದಾಗ ಕೊಡೆ ಥರ ಬಿಚ್ಕೊಳ್ಳುತ್ತೆ, ಬೇಗ ಕೆಳಗೆ ಬೀಳಲ್ಲ. ಅದೇ ತಾನೆ?’ ಎಂದೆ. ಅವರು ಜೋರಾಗಿ ನಕ್ಕರು. ‘ಅಕ್ಕ, ಇನ್ಮೇಲೆ ನಾನೂ ಹಿಂಗೇ ಹೇಳ್ತೀನಿ’ ಎಂದರು.

ಆದರೆ ಲಾಭದ ಜೊತೆಗೆ ತೊಂದರೆಯನ್ನೂ ಅವರು ಮುಚ್ಚಿಡಲಿಲ್ಲ. ಬೈಮೆಟಲ್ ಹೆಚ್ಚು ಹೊತ್ತು ತಿರುಗುತ್ತದೆ, ನೆಟ್ಟಗೆ ನಿಲ್ಲುತ್ತದೆ. ಆದರೆ ನೆಟ್ಟಗೆ ನಿಲ್ಲುವುದೇ ಒಂದು ಮೊಂಡುತನ, ದಿಕ್ಕು ಬದಲಿಸು ಎಂದರೆ ಬೇಗ ಕೇಳುವುದಿಲ್ಲ. ಗೆಣ್ಣಿಗೆ ಬಡಿದರೆ ನಕ್ಷತ್ರ ಕಾಣುತ್ತದೆ. ಸಿಮೆಂಟಿನ ಮೇಲೆ ಒಮ್ಮೆ ಬಿದ್ದರೆ ಬಳೆ ನೆಗ್ಗಿ ಜನ್ಮಪೂರ್ತಿ ನಡುಗುತ್ತಿರುತ್ತದೆ. ಅದರಲ್ಲೂ ಎರಡು ಜಾತಿ. ಬಳೆ ಒಳಗಡೆ ಕೂತಿದ್ದರೆ ಸ್ವಲ್ಪ ಸೌಮ್ಯ, ಹೊರಗಡೆ ಕೂತಿದ್ದರೆ ಪೂರ್ತಿ ಜೋರು. ಬೆಲೆ ಕೇಳಿದೆ. ಹಬ್ಬದ ಸೀರೆ ಈ ಸಲ ಬೇಡ ಎಂದು ಮನಸ್ಸಿನಲ್ಲೇ ತೀರ್ಮಾನವಾಯಿತು. ಊರಿಗೆಲ್ಲ ಹೊಲಿಯುವವಳಿಗೆ ಹೊಸ ಸೀರೆ ಇಲ್ಲದಿದ್ದರೂ ನಡೆಯುತ್ತದೆ.

ಎರಡು ರಾತ್ರಿ ನಿದ್ದೆ ಬರಲಿಲ್ಲ. ಒಳಬಳೆಯೋ ಹೊರಬಳೆಯೋ? ನನ್ನ ಕೈ ಚಿಕ್ಕದು, ಅಂಗಡಿಯ ನೆಲ ಸಿಮೆಂಟು. ಬುದ್ಧಿ ಒಳಬಳೆ ಎನ್ನುತ್ತಿತ್ತು. ಕೊನೆಗೆ ಅವರೇ ಕೇಳಿದರು, ‘ಅಕ್ಕ, ಎಲ್ಲಾ ಬಿಡಿ. ನಿಮ್ಮ ಆಟ ಯಾವುದು?’ ಸೂಜಿಯ ವಿಷಯ ಹೇಳಿದೆ. ‘ಹಂಗಾದ್ರೆ ಅದು ಅಲ್ಲಾಡದೆ ನಿಂತು ತಿರುಗ್ಬೇಕು. ಹೊರಬಳೆ ತಗೊಳ್ಳಿ, ಮೊಂಡುತನ ನಿಮಗೆ ತೊಂದ್ರೆ ಕೊಡಲ್ಲ’ ಎಂದರು. ನಮ್ಮವರು ಪಕ್ಕದಲ್ಲೇ ಕೂತಿದ್ದವರು ‘ಇವಳ ಮೊಂಡುತನಕ್ಕಿಂತ ಜಾಸ್ತೀನಾ?’ ಎಂದು ಕೇಳಿದರು.

ಕಾಫಿ ಹಣ್ಣಿನ ಬಣ್ಣದ ಯೋಯೋ ಬಂತು. ಅಂಚಿನ ಸ್ಟೀಲು ಫಳಫಳ. ಅಂಗಡಿಯ ನೆಲಕ್ಕೆ ಹಳೇ ಕಂಬಳಿ ಹಾಸಿ ಮೊದಲ ಸಲ ಎಸೆದೆ ನೋಡಿ, ಅಬ್ಬಾ! ದಾರದ ತುದಿಯಲ್ಲಿ ಅದು ನಿಂತೇ ಬಿಟ್ಟಿತು. ನಾನು ಸೂಜಿ ಪೋಣಿಸಿ, ಗಂಟು ಹಾಕಿ, ಕನ್ನಡಕ ತೆಗೆದಿಟ್ಟರೂ ಇನ್ನೂ ತಿರುಗುತ್ತಿತ್ತು. ಸುಮ್ಮನೆ ಎಳೆದರೆ ಇದು ಮೇಲೆ ಬರುವುದಿಲ್ಲ. ದಾರವನ್ನು ಮಡಚಿ ಎರಡು ಹೋಳಿನ ನಡುವಿನ ಅದರ ಬಾಯಿಗೆ ಕೊಟ್ಟರೆ ಮಾತ್ರ ಕಚ್ಚಿಕೊಂಡು ಬರುತ್ತದೆ. ಗೆಣ್ಣುಗಳು ನೀಲಿಯಾದವು, ಲೆಕ್ಕಕ್ಕಿಡಲಿಲ್ಲ.

ಒಂದೇ ಒಂದು ವಿಷಯ ನನಗೆ ಹಿಡಿಸಿರಲಿಲ್ಲ. ದಾರದ ಕುಣಿಕೆ ಕೂರುವ ಅದರ ನಡುವಿನ ಬೇರಿಂಗ್ ತಿರುಗುವಾಗ ಕಿರ್ರ್ ಎನ್ನುತ್ತಿತ್ತು. ಫೋನ್ ಮಾಡಿದರೆ ಮೈಸೂರಿನವರು ‘ಸದ್ದು ಮಾಡ್ಲಿ ಅಕ್ಕ, ಒಣಗೇ ಇರ್ಬೇಕು ಅದು. ದಯವಿಟ್ಟು ಎಣ್ಣೆ ಮಾತ್ರ ಬಿಡ್ಬೇಡಿ’ ಎಂದರು. ಹೂಂ ಎಂದೆ, ಬಾಯಲ್ಲಿ ಮಾತ್ರ. ಎಣ್ಣೆ ಬೇಡದ ಯಂತ್ರ ಲೋಕದಲ್ಲಿ ಇದೆಯೇ? ಭಾನುವಾರ ಬೆಳಿಗ್ಗೆ ಮೆಷಿನ್ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟೇ ನಾನು ಕಾಫಿ ಕುಡಿಯುವುದು. ಇಪ್ಪತ್ತು ವರ್ಷದಲ್ಲಿ ನನ್ನ ಮೆಷಿನ್ ಒಂದು ದಿನ ಕೈಕೊಟ್ಟಿಲ್ಲ. ಇವರು ನನಗೆ ಎಣ್ಣೆಯ ಪಾಠ ಹೇಳುವುದೇ?

ಕ್ರೀಡಾಕೂಟದ ಭಾನುವಾರವೂ ಹಾಗೇ ಮೆಷಿನ್‌ಗೆ ಎಣ್ಣೆ ಬಿಟ್ಟೆ. ಪಕ್ಕದಲ್ಲೇ ಯೋಯೋ ಇತ್ತು. ಶುಭದಿನ, ಇದಕ್ಕೂ ಇರಲಿ ಎಂದು ಬಿಚ್ಚಿ ಎರಡು ಹನಿ ಬಿಟ್ಟೆ. ಬೆರಳಲ್ಲಿ ತಿರುಗಿಸಿ ನೋಡಿದೆ, ಸದ್ದು ಪೂರ್ತಿ ನಿಂತಿತ್ತು. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡು ಚೀಲಕ್ಕೆ ಹಾಕಿ ಹೊರಟೆ.

ಮೈದಾನದಲ್ಲಿ ಜನವೋ ಜನ. ನನಗಿಂತ ಮುಂಚೆ ಮೂರು ಹಾಡು, ಒಂದು ಕುಣಿತ. ವೇದಿಕೆಯ ಹಿಂದಿನ ಮರದಡಿ ಹೋಗಿ ಒಂದು ಸಲ ಅಭ್ಯಾಸ ಮಾಡೋಣ ಎಂದು ಎಸೆದೆ. ಕೆಳಗೆ ಹೋದ ಯೋಯೋ ತಟ್ಟನೆ ಮೇಲೆ ಹಾರಿ ಗೆಣ್ಣಿಗೆ ಬಡಿಯಿತು. ಮತ್ತೆ ಎಸೆದೆ, ಮತ್ತೆ ಬಡಿಯಿತು. ಮೆಲ್ಲಗೆ ಬಿಟ್ಟೆ, ಅರ್ಧ ದಾರದಲ್ಲೇ ಹತ್ತಿ ಬಂತು. ದಾರದ ತುದಿಯಲ್ಲಿ ನಿಲ್ಲುವ ಮಾತೇ ಇಲ್ಲ. ಎಣ್ಣೆಯ ಜಿಡ್ಡಿಗೆ ಬೇರಿಂಗ್ ಸರಾಗವಾಗಿ ತಿರುಗದೆ ದಾರವನ್ನು ಹಿಡಿದುಕೊಳ್ಳುತ್ತಿದೆ ಎಂದು ಆಗ ಹೊಳೆಯಿತು. ಸೆರಗಿನಿಂದ ಎಷ್ಟು ಒರೆಸಿದರೂ ಹೋಗಲಿಲ್ಲ. ಮೊದಲ ಹಾಡು ಆಗಲೇ ಮುಗಿದಿತ್ತು.

‘ಎಂತ ಆಯ್ತಮ್ಮ?’ ಎಂದು ಯಾರೋ ಕೇಳಿದರು. ಮರದ ಆ ಬದಿಯಲ್ಲಿ ಜೀಪು ನಿಲ್ಲಿಸಿಕೊಂಡು ಒಬ್ಬ ಹಿರಿಯರು ಕೂತಿದ್ದರು. ಎಪ್ಪತ್ತರ ಮೇಲಿನ ವಯಸ್ಸು, ಬಿಳೀ ಮೀಸೆ, ಪಕ್ಕದಲ್ಲಿ ಕೋವಿ. ಗುಂಡು ಹೊಡೆಯುವ ಸ್ಪರ್ಧೆಗೆ ಬಂದವರು. ಅಳು ಬಂದಿತ್ತು, ತಡೆದುಕೊಂಡು ಎಲ್ಲ ಹೇಳಿದೆ. ಅವರು ಯೋಯೋ ತೆಗೆದುಕೊಂಡು ಮೂಸಿ ನೋಡಿದರು.

‘ಹೊಲಿಗೆ ಮೆಷಿನ್ ಎಣ್ಣೆ ಅಲ್ವ? ಎಷ್ಟು ಬಿಟ್ರಿ?’

‘ಎರಡೇ ಹನಿ ಅಂಕಲ್.’

‘ಇಷ್ಟು ಸಣ್ಣದಕ್ಕೆ ಎರಡು ಹನಿ ಅಂದ್ರೆ ಮುಳುಗಿಸಿದ ಹಾಗೆ. ಕೋವಿಗೂ ಹಾಗೇ. ಎಣ್ಣೆ ಹಾಕೋದು ದೊಡ್ಡದಲ್ಲ, ಹಾಕಿದ್ದನ್ನು ಒರೆಸಿ ತೆಗೆಯೋದು ದೊಡ್ಡದು. ಬನ್ನಿ ಇಲ್ಲಿ.’

ಜೀಪಿನಿಂದ ಒಂದು ತಗಡಿನ ಡಬ್ಬಿ ತಂದರು. ಕೋವಿ ಸ್ವಚ್ಛ ಮಾಡುವ ಬ್ರಷ್ಷು, ಬಟ್ಟೆ ಚೂರುಗಳು, ಸಣ್ಣ ಸೀಸೆಯಲ್ಲಿ ಪೆಟ್ರೋಲು. ನಾನು ಯೋಯೋ ಬಿಚ್ಚಿ ಕೊಟ್ಟೆ. ಅವರು ಬೇರಿಂಗನ್ನು ಬಟ್ಟೆ ಸುತ್ತಿದ ಚಿಮುಟದಿಂದ ಹೊರತೆಗೆದು ಸೀಸೆಯ ಮುಚ್ಚಳದಲ್ಲಿ ಪೆಟ್ರೋಲ್ ಹಾಕಿ ಅದ್ದಿದರು. ಕುಲುಕಿ ಚೆಲ್ಲಿದರು, ಮತ್ತೆ ಅದ್ದಿದರು. ಆ ದಪ್ಪ ಬೆರಳುಗಳಲ್ಲಿ ಅಷ್ಟು ನಯ ಇರಬಹುದೆಂದು ನಾನು ಎಣಿಸಿರಲಿಲ್ಲ. ದಾರವನ್ನು ಕಚ್ಚಿ ಹಿಡಿಯುವ ಒಳಗಿನ ರಬ್ಬರಿಗೂ ಎಣ್ಣೆ ಹತ್ತಿತ್ತು. ಅದನ್ನು ನಾನು ಒಣ ಬಟ್ಟೆಯಿಂದ ತಿಕ್ಕಿದೆ. ಆ ಕಡೆ ಮೈಕಿನಲ್ಲಿ ‘ಮೂವತ್ತೇಳನೇ ನಂಬರ್ ಬರಬೇಕು’ ಎಂದು ಕೂಗುತ್ತಿದ್ದರು. ಈ ಕಡೆ ಮೈಕಿನಲ್ಲಿ ಎರಡನೇ ಹಾಡು ಮುಗಿದು ಮೂರನೆಯದು ಶುರುವಾಯಿತು. ನನಗೆ ಈ ಕಡೆಯದೇ ಚಿಂತೆ.

‘ಇನ್ನೂ ಒಂದು ಸಲ ಅದ್ದುವ. ಅರ್ಧಂಬರ್ಧ ಕೆಲಸ ಬೇಡ’ ಎಂದರು. ‘ಮೂವತ್ತೇಳು, ಕೊನೆಯ ಕರೆ’ ಎಂದು ಆ ಕಡೆಯವರು ಕೂಗಿದರು. ಅವರು ತಲೆ ಎತ್ತಲಿಲ್ಲ. ಬೇರಿಂಗನ್ನು ಬ್ರಷ್ಷಿನ ಕಡ್ಡಿಗೆ ಸಿಕ್ಕಿಸಿ ಉಫ್ ಎಂದು ಊದಿದರು. ಕಿರ್ರ್ ಎಂದಿತು! ನಾನು ಅಷ್ಟು ದಿನ ಬೈದಿದ್ದ ಆ ಸದ್ದು ಕೇಳಿ ಜೀವ ಬಂದಂತಾಯಿತು.

ಜೋಡಿಸಿ, ದಾರ ಸಿಕ್ಕಿಸಿ ಒಮ್ಮೆ ಎಸೆದೆ. ನಿಂತಿತು! ಅಷ್ಟರಲ್ಲಿ ಕುಣಿತವೂ ಮುಗಿದು ನನ್ನ ಹೆಸರು ಕರೆದರು. ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ, ಓಡಿದೆ.

ವೇದಿಕೆಯ ಮೇಲೆ ನಿಂತು ಬೆರಳಿಗೆ ದಾರದ ಕುಣಿಕೆ ಹಾಕಿಕೊಂಡೆ. ಮುಂದೆ ಕೂತ ಮಕ್ಕಳು ‘ಹೊಲಿಗೆ ಆಂಟಿ’ ಎಂದು ಕಿಸಿಕಿಸಿ ನಕ್ಕರು. ಮೊದಲ ಎಸೆತದಲ್ಲೇ ಯೋಯೋವನ್ನು ದಾರದ ಮೇಲೆ ಹತ್ತಿಸಿದೆ, ತೊಟ್ಟಿಲು ತೂಗಿದೆ, ಹೆಗಲ ಮೇಲಿಂದ ದಾಟಿಸಿದೆ. ನಗು ನಿಂತಿತು. ನಡುವೆ ಒಂದು ಕಡೆ ತಪ್ಪಿ ದಾರ ಸಿಕ್ಕಾಯಿತು. ದರ್ಜಿಗೆ ಸಿಕ್ಕು ಬಿಡಿಸುವುದು ಹೊಸದೇ? ಬಿಡಿಸಿ ಮುಂದುವರಿದೆ. ಕೊನೆಗೆ ಮೈಯ ಬಲವನ್ನೆಲ್ಲ ಹಾಕಿ ಎಸೆದು, ಬಲಗೈಯ ಹೆಬ್ಬೆರಳು ತೋರುಬೆರಳ ನಡುವೆ ಸೂಜಿ ಹಿಡಿದು, ಎಡಗೈಗೆ ದಾರ ತೆಗೆದುಕೊಂಡೆ. ಮೊದಲ ಸಲ ತಪ್ಪಿತು. ಎರಡನೇ ಸಲವೂ ತಪ್ಪಿತು. ಕೆಳಗೆ ಯೋಯೋ ಕಿರ್ರ್ ಎನ್ನುತ್ತಲೇ ಇತ್ತು. ಮಕ್ಕಳು ಎದ್ದು ನಿಂತರು. ಎದ್ದು ಹೋಗಲು ಅಲ್ಲ, ಹತ್ತಿರ ಬಂದು ನೋಡಲು! ದಾರದ ತುದಿ ನಾಲಿಗೆಗೆ ಒತ್ತಿ ಮೂರನೇ ಸಲ ತೂರಿಸಿದೆ, ಹೋಯಿತು. ಯೋಯೋದ ದಾರ ಮಡಚಿ ಕೊಟ್ಟೆ, ಟಪ್ ಎಂದು ಅಂಗೈಗೆ ಬಂದು ಕೂತಿತು. ಆ ಸಿಳ್ಳೆ, ಆ ಚಪ್ಪಾಳೆ! ಹೆಡ್‌ಮಿಸ್ ನಿಂತಲ್ಲಿಂದಲೇ ‘ಮುಂದಿನ ಶನಿವಾರವೇ ಬನ್ನಿ’ ಎಂದು ಕೂಗಿದರು. ನಮ್ಮವರು ಎಲ್ಲರಿಗಿಂತ ಜೋರಾಗಿ ಸಿಳ್ಳೆ ಹಾಕುತ್ತಿದ್ದರು.

ಹಿರಿಯರಿಗೆ ಹೇಳಬೇಕೆಂದು ಮರದ ಹತ್ತಿರ ಓಡಿದೆ. ಅವರು ಕೋವಿಯನ್ನು ಜೀಪಿನಲ್ಲಿಡುತ್ತಿದ್ದರು. ಸ್ಪರ್ಧೆ ನಡೆಸುತ್ತಿದ್ದವರಲ್ಲಿ ಒಬ್ಬರು ಅವರ ಮುಂದೆ ನಿಂತು, ‘ಎಂತ ಪೊನ್ನಪ್ಪಣ್ಣ, ಮೂವತ್ತೇಳು ಮೂವತ್ತೇಳು ಅಂತ ಅಷ್ಟು ಸಲ ಕರೆದೆವಲ್ಲ, ಎಲ್ಲಿದ್ರಿ? ಪ್ರತಿ ವರ್ಷ ಹೊಡೆಯುವವರು ನೀವು’ ಎನ್ನುತ್ತಿದ್ದರು. ಆ ನಂಬರ್ ಅವರದಾಗಿತ್ತು. ಕೇಳಿಸಿಕೊಂಡೂ ಅವರು ನನ್ನ ಬೇರಿಂಗ್ ಅದ್ದುತ್ತಾ ಕೂತಿದ್ದರು.

‘ಅಂಕಲ್, ನನ್ನಿಂದ ನಿಮ್ಮ ಸರದಿ ಹೋಯ್ತು’ ಎಂದೆ.

‘ತೆಂಗಿನಕಾಯಿ ಎಲ್ಲಿಗೆ ಹೋಗ್ತದೆ ಅಮ್ಮ? ಮುಂದಿನ ವರ್ಷವೂ ಉಂಟು’ ಎಂದರು. ‘ಸೂಜಿದು ಇಲ್ಲಿಂದಲೇ ನೋಡಿದೆ. ಮೂರನೇ ಸಲಕ್ಕೆ ಹೋಯ್ತಲ್ಲ!’

ಶನಿವಾರದ ಪೀರಿಯಡ್ಡಿಗೆ ಈಗ ಮಕ್ಕಳಿಗೆ ಜಾಗ ಸಾಲುವುದಿಲ್ಲ. ಮೊದಲು ಸೂಜಿಗೆ ದಾರ ಪೋಣಿಸಿದವರಿಗೆ ಯೋಯೋ. ಕಳೆದ ವರ್ಷದ ಕ್ರೀಡಾಕೂಟಕ್ಕೆ ನಾನು ವೇದಿಕೆಗೆ ಹೋಗಲಿಲ್ಲ. ಪೊನ್ನಪ್ಪ ಅಂಕಲ್‌ಗೆಂದು ದಪ್ಪ ಬಟ್ಟೆಯಲ್ಲಿ ಹೊಲಿದ ಒಂದು ಕೋವಿ ಚೀಲ ಹಿಡಿದುಕೊಂಡು ಬೆಳಿಗ್ಗೆಯಿಂದ ಗುಂಡು ಹೊಡೆಯುವ ಜಾಗಕ್ಕೆ ಅಡ್ಡ ಕಟ್ಟಿದ ಹಗ್ಗದ ಹತ್ತಿರವೇ ನಿಂತಿದ್ದೆ. ಅವರ ನಂಬರ್ ಕರೆದಾಗ ನಾನು ಹಗ್ಗದ ಮೇಲೆ ಬಾಗಿ ನಿಂತೆ. ಅವರು ಗುರಿಯಿಟ್ಟರು, ಹೊಡೆದರು. ಕಾಯಿ ಅಲ್ಲಾಡಲೂ ಇಲ್ಲ.

ನಾನೊಬ್ಬಳು ಮಾತ್ರ ಕೈ ಉರಿಯುವಷ್ಟು ಚಪ್ಪಾಳೆ ತಟ್ಟಿದೆ. ಅವರು ತಿರುಗಿ ನನ್ನನ್ನು ಗುರುತಿಸಿ, ಮೀಸೆಯಡಿ ನಕ್ಕು, ‘ಎಣ್ಣೆ ಸ್ವಲ್ಪ ಹೆಚ್ಚಾಯ್ತಮ್ಮ’ ಎಂದರು. ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಚೀಲವನ್ನು ಅವರ ಕೈಗಿಟ್ಟೆ. ಈ ವರ್ಷವೂ ಆ ಹಗ್ಗದ ಹತ್ತಿರ ನನ್ನ ಜಾಗ ಖಾಯಂ.