ಡಿವೈಡರಿನ ಸಂದಿ ಮುಚ್ಚಿದ್ದರಿಂದ ಉಳಿದವರು

ನನ್ನಿಂದಾಗಿ ಯಾರೋ ಒಬ್ಬರು ಬದುಕಿ ಉಳಿದಿದ್ದಾರೆ. ಅವರು ಯಾರೆಂದು ನನಗೆ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಬಸವಕಲ್ಯಾಣದ ಸಂತೆಯಲ್ಲಿ ಬದನೆಕಾಯಿ ಆರಿಸುವಾಗ ಪಕ್ಕದವರ ಮುಖವನ್ನೇ ನೋಡುತ್ತೇನೆ, ಇವರೇ ಇರಬಹುದೇ ಎಂದು. ಅವರು ಚೀಲವನ್ನು ಆಚೆ ಕೈಗೆ ಬದಲಿಸಿಕೊಳ್ಳುತ್ತಾರೆ.

ಹುಮನಾಬಾದಿನಲ್ಲಿ ಮನೆ, ಬಸವಕಲ್ಯಾಣದಲ್ಲಿ ಗಣಿತದ ಮಾಸ್ತರಿಕೆ, ನಡುವೆ ಹೆದ್ದಾರಿ, ಅದರ ಮೇಲೆ ನಾನು ಮತ್ತು ನನ್ನ ಸ್ಕೂಟರ್. ಮನೆಗೆ ಬೀಗ ಹಾಕಿ, ಜಗ್ಗಿ ನೋಡಿ, ಗಲ್ಲಿಯ ತಿರುವಿನಿಂದ ವಾಪಸ್ ಬಂದು ಮತ್ತೊಮ್ಮೆ ಜಗ್ಗುವ ಜಾತಿಯವನು ನಾನು. ಇಂಥವನ ದಾರಿಯಲ್ಲಿ, ರಾಜೇಶ್ವರದ ಹತ್ತಿರ, ಡಿವೈಡರಿನಲ್ಲಿ ಒಂದು ಸಂದಿ ಇತ್ತು. ನಮ್ಮ ಕಡೆ ಅದಕ್ಕೆ ‘ಕಟ್’ ಎನ್ನುತ್ತಾರೆ. ಒಂದು ವರ್ಷ ಅಲ್ಲಿ ಒಂದರ ಹಿಂದೊಂದು ಅಪಘಾತಗಳಾದವು. ನಾನು ಅರ್ಜಿ ಬರೆದೆ, ಮನೆಮನೆ ತಿರುಗಿ ಜನರ ಸಹಿ ಹಾಕಿಸಿದೆ. ಕಟ್ ಮುಚ್ಚಿದರು. ಮರುವರ್ಷ ಅಲ್ಲಿ ಒಂದೂ ಅಪಘಾತ ಆಗಲಿಲ್ಲ. ಶಾಲೆಯಲ್ಲಿ ನನಗೆ ಶಾಲು ಹೊದಿಸಿದರು.

ಅನುಮಾನ ಶುರುವಾದದ್ದು ಆಮೇಲೆ. ತರಗತಿಯಲ್ಲಿ ಎಲ್ಲರಿಗಿಂತ ಕಡಿಮೆ ಅಂಕ ತೆಗೆದ ವಿದ್ಯಾರ್ಥಿ ಮುಂದಿನ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ತುಸು ಮೇಲೇರುತ್ತಾನೆ. ನಡುವೆ ನಾವು ಬೈದಿದ್ದರೆ ಕೀರ್ತಿಯೆಲ್ಲ ಬೈಗುಳಕ್ಕೆ. ಬೈಯದಿದ್ದರೂ ಏರುತ್ತಿದ್ದನೇನೋ! ಕೆಟ್ಟ ವರ್ಷದ ಬೆನ್ನಿಗೆ ಒಳ್ಳೆಯ ವರ್ಷ ತಾನಾಗಿಯೇ ಬರುವುದುಂಟು. ಹಾಗಾದರೆ ನಾನು ಉಳಿಸಿದ ಆ ಒಬ್ಬರು ನಿಜಕ್ಕೂ ಇದ್ದಾರೆಯೇ? ಸತ್ತವರ ಹೆಸರು ರಿಜಿಸ್ಟರಿನಲ್ಲಿರುತ್ತದೆ. ಸಾಯಬೇಕಿದ್ದವರು ನಮ್ಮ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿರುತ್ತಾರೆ. ಆಗದೇ ಹೋದ ಅಪಘಾತಕ್ಕೆ ಯಾರೂ ಪಂಚನಾಮೆ ಬರೆಯುವುದಿಲ್ಲ.

ಮುಚ್ಚಿದ ಕಟ್ಟಿನ ಎದುರಿಗೇ ಸುಶೀಲಾಬಾಯಿಯವರ ಚಹಾದಂಗಡಿ. ಅಂಗಡಿ, ಮನೆ, ಎರಡು ಎಮ್ಮೆ ಈ ಬದಿಗೆ. ಹೊಲ ಆ ಬದಿಗೆ. ಎಮ್ಮೆ ಹೊಡೆದುಕೊಂಡು ಹೊಲಕ್ಕೆ ಹೋಗುವಾಗ, ಇಷ್ಟು ದಿನಗಳಾದರೂ, ಅವು ಹಳೆಯ ಜಾಗದಲ್ಲಿ ಗಕ್ಕನೆ ನಿಲ್ಲುತ್ತವೆ. ಯಾರೋ ಬಂದು ಬಾಗಿಲು ತೆಗೆಯುತ್ತಾರೆ ಎಂಬಂತೆ ಕಾಂಕ್ರೀಟಿನತ್ತ ಮುಖ ಮಾಡಿ. ಒಂದು ಮಟಮಟ ಮಧ್ಯಾಹ್ನ ರಸ್ತೆ ಪೂರಾ ಖಾಲಿಯಿತ್ತು. ಎರಡೂ ಎಮ್ಮೆಗಳು ಒಟ್ಟಿಗೇ ತಲೆಯನ್ನು ಬಲದಿಂದ ಎಡಕ್ಕೆ ನಿಧಾನವಾಗಿ ತಿರುಗಿಸಿದವು, ಹಾದುಹೋಗುವ ಲಾರಿಯೊಂದನ್ನು ನೋಡುವ ಹಾಗೆ. ನನ್ನ ಕೈಯಲ್ಲಿದ್ದ ಚಹಾ ಕೈಯಲ್ಲೇ ಆರಿತು.

ಆಮೇಲೆ ಸುಶೀಲಾಬಾಯಿ ಅವುಗಳ ಬೆನ್ನು ತಟ್ಟಿ, ರಸ್ತೆಯ ಅಂಚು ಹಿಡಿದು, ಎದುರು ಬರುವ ಲಾರಿಗಳ ಮುಖಕ್ಕೆ ಮುಖ ಕೊಟ್ಟು, ಮುಂದಿನ ಕಟ್ಟಿನವರೆಗೆ ನಡೆಯುತ್ತಾರೆ. ಅದೇ ಅಂಚಿನಲ್ಲಿ ಹಾಡಹಗಲೇ ಹೆಡ್‌ಲೈಟ್ ಹಚ್ಚಿಕೊಂಡು ಮೋಟಾರ್‌ಸೈಕಲ್ಲುಗಳು ಉಲ್ಟಾ ಬರುತ್ತವೆ. ಲೈಟ್ ಹಚ್ಚಿದರೆ ತಪ್ಪು ಮಾಫಿ ಎಂದು ನಮ್ಮವರ ನಂಬಿಕೆ. ಅಲ್ಲಿ ಏನಾದರೂ ಆದರೆ ಅದು ಬೇರೆ ಜಾಗದ ಲೆಕ್ಕ. ನನ್ನ ಕಟ್ಟಿನ ಎದುರಿನ ಸೊನ್ನೆ ಸೊನ್ನೆಯಾಗಿಯೇ ಇರುತ್ತದೆ.

ಹೋದ ತಿಂಗಳು ಸುದ್ದಿ ಬಂತು. ಮೊದಲನೆಯದನ್ನು ಮುಚ್ಚಿ ಅಷ್ಟು ಒಳ್ಳೆಯದಾದ್ದರಿಂದ ಮುಂದಿನ ಕಟ್ಟನ್ನೂ ಮುಚ್ಚುವುದು, ಒಪ್ಪಿಗೆಯ ಕಾಗದಕ್ಕೆ ಮೊದಲ ಸಹಿ ನನ್ನದೇ ಆಗಬೇಕಂತೆ. ಹಾಗಾದರೆ ಸುಶೀಲಾಬಾಯಿಯವರು ಇನ್ನೂ ಮುಂದಿನ ಕಟ್ಟಿನವರೆಗೆ, ಅಂದರೆ ಈಗಿನ ಎರಡರಷ್ಟು ದೂರ, ಲಾರಿಗಳ ಮುಖಕ್ಕೆ ನಡೆಯಬೇಕು. ಅವರು ಚಹಾ ಸೋಸುತ್ತ ಕೇಳಿಸಿಕೊಂಡರು.

“ಮಾಸ್ತರ್, ನೀವು ಯಾರಿಗಿ ಉಳಿಸೀರಿ ಅಂತ ನಿಮಗ ಗೊತ್ತಿಲ್ಲ. ಯಾರಿಗಿ ನಡಸಾಕತ್ತೀರಿ ಅಂತ ನನಗ ಗೊತ್ತದ.”

ಹೆದ್ದಾರಿಯ ಎಂಜಿನಿಯರು ಆ ಕಾಗದ ಹಿಡಿದು ಬಂದ ದಿನ ನಾನು ಸಹಿ ಹಾಕಲಿಲ್ಲ. ಬರೀ ಮುಚ್ಚಿದ ಜಾಗ ನೋಡಿದರೆ ಸಾಲದು, ಮುಂದಿನ ಕಟ್ಟಿನ ಅಪಘಾತಗಳನ್ನೂ ಅಲ್ಲಿಯವರೆಗೆ ನಡೆಯುವವರನ್ನೂ ಮೊದಲು ಎಣಿಸೋಣ ಎಂದೆ. ಅವರು ಸಜ್ಜನರು, ಪೆನ್ನಿನ ಮುಚ್ಚಳ ಹಾಕಿದರು.

“ಎಣಿಸೂದ್ರಾಗ ಯಾರರ ಸತ್ತು ಹೋದ್ರ, ಸರ್?”

ಅಂದಿನಿಂದ ಆ ಪ್ರಶ್ನೆ ನನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತು ದಿನಾ ಶಾಲೆಗೆ ಬರುತ್ತದೆ. ಕನ್ನಡಿಯಲ್ಲಿ ಎರಡೆರಡು ಸಲ ನೋಡುತ್ತೇನೆ.

ಸಹಿ ಹಾಕದವನಿಗೆ ಎಣಿಸುವ ಕೆಲಸ ಬಂತು. ರವಿವಾರ ಸ್ಕೂಟರನ್ನು ಅಂಗಡಿಯ ಮುಂದೆ ನಿಲ್ಲಿಸಿ, ಖಾನೆ ಹೊಡೆದ ನೋಟ್‌ಬುಕ್ ಹಿಡಿದು ಸುಶೀಲಾಬಾಯಿಯವರ ಹಿಂದೆ ಹೊರಟೆ. ಎಮ್ಮೆಗಳಿಗೆ ತೊಂದರೆಯಾಗದಿರಲೆಂದು ಸಭ್ಯತೆಯಿಂದ ರಸ್ತೆಯ ಕಡೆಗೇ ನಡೆದೆ. ಅವರು ಹೊರಳಿಯೂ ನೋಡದೆ ಹೇಳಿದರು:

“ಈ ಕಡಿ ಬರ್ರಿ ಮಾಸ್ತರ್, ಎಮ್ಮಿ ಆ ಕಡಿ ಇರಲಿ. ಲಾರಿಯವ ಎಮ್ಮಿಗಿ ನೋಡಿ ಬ್ರೇಕ್ ಹೊಡಿತಾನ. ಮಾಸ್ತರಗ ನೋಡಿ ಯಾರು ಹೊಡಿತಾರ?”

ಎಮ್ಮೆಯ ಮರೆಗೆ ಸರಿದೆ. ಅಷ್ಟರಲ್ಲಿ ಒಂದು ಲಾರಿ ಬಂತು, ಚೀರಿ ಬ್ರೇಕ್ ಹಾಕಿತು, ಬಿಸಿ ಗಾಳಿ ಬೀಸಿ ಹೋಯಿತು. ನನ್ನ ನೋಟ್‌ಬುಕ್ಕಿನಲ್ಲಿ ಇದಕ್ಕೆ ಖಾನೆಯೇ ಇರಲಿಲ್ಲ. ಪುಟದ ಅಂಚಿನಲ್ಲಿ ಸಣ್ಣದಾಗಿ ಬರೆದುಕೊಂಡೆ: ಉಳಿದವರು, ಒಬ್ಬ ಮಾಸ್ತರ್; ಉಳಿಸಿದ್ದು, ಎಮ್ಮೆ.